ಬೇಟೆಯ ಕೆರ

ಬೊಮ್ಮನಹಾಳಿನ ನಮ್ಮ ಹಳೆಯ ಮನೆಯ ಕೊಟ್ಟಿಗೆಯಲ್ಲಿ, ನೊಗ ಮಿಣಿಗಳನ್ನು ತೂಗುಹಾಕುವ ಗೂಟಗಳ ಸಾಲಿನ ಕೊನೆಯಲ್ಲಿ, ಒಂದು ಜೊತೆ ಕೆರ ನೇತಾಡುತ್ತದೆ. ಅದು ನನ್ನ ಅಜ್ಜನದು. ಹೊಲಕ್ಕೆ ಮೆಟ್ಟಿಕೊಂಡು ಹೋಗುವ ಕೆರದಂತಲ್ಲ ಅದು. ಅಟ್ಟೆ ಮೂರು ಪದರಿನದು, ಹಿಮ್ಮಡಿಯ ಸುತ್ತ ಅಂಗುಲದೆತ್ತರದ ಚರ್ಮದ ಕಟ್ಟೆ, ಹೆಬ್ಬೆರಳಿಗೆ ಉಂಗುಷ್ಟ, ಮುಂಗಾಲಿನ ಮೇಲೆ ಅಗಲವಾದ ಪಟ್ಟಿ, ಹಿಮ್ಮಡಿಯಿಂದ ಹೊರಟು ಹರಡಿನ ಮೇಲೆ ಎರಡು ಸುತ್ತು ಸುತ್ತಿ ಕಟ್ಟುವ ಬಾರು. ಮನೆಮಂದಿಯೆಲ್ಲ ಅದನ್ನು 'ಬ್ಯಾಟಿ ಕೆರ' ಎಂದೇ ಕರೆಯುತ್ತಿದ್ದರು. ಬೇಟೆ ನಿಂತು ಅರ್ಧ ಶತಮಾನ ಕಳೆಯಿತು, ಕೆರ ಉಳಿದಿದೆ.

ಸ್ಮರಣ ಸಂಚಿಕೆಗೆ ಮೆಟ್ಟಿನ ವಿಷಯವೇ ಎಂದು ಹುಬ್ಬೇರಿಸುವ ಹಿರಿಯರು ಇದ್ದಾರು. ಆದರೆ ಬೆಟ್ಟ ಹತ್ತುವವನು ತನ್ನ ಕಾಲಿಗೆ ಎಂಥ ಮೆಟ್ಟನ್ನು ಆರಿಸಿಕೊಳ್ಳಬೇಕು ಎಂಬ ಸಣ್ಣ ಪ್ರಶ್ನೆ, ಅರವತ್ತು ದಾಟಿದ ಮೇಲೆ, ನನ್ನನ್ನು ನಾನೆಣಿಸದ ಕಡೆಗೆ ಕರೆದೊಯ್ದಿತು. ಅದನ್ನು ನಮ್ಮ ಸಂಘದ ಬಂಧುಗಳೆದುರು ಹೇಳಿಕೊಳ್ಳಬೇಕೆನಿಸಿದೆ.

ನಮ್ಮದು ಬೇಡ ನಾಯಕರ ಮನೆ. ಅಜ್ಜನ ಕಾಲಕ್ಕೆ ಬೇಟೆ ಹೊಟ್ಟೆಪಾಡಾಗಿ ಉಳಿದಿರಲಿಲ್ಲ, ಒಕ್ಕಲುತನವೇ ಬದುಕು. ಆದರೂ ಯುಗಾದಿ ಕಳೆದ ಮೇಲೆ ಹೊಲಗಳು ಖಾಲಿಯಿರುವ ದಿನಗಳಲ್ಲಿ ಊರಿನ ಹತ್ತಿಪ್ಪತ್ತು ಮಂದಿ ಬಲೆ, ಭರ್ಚಿ, ನಾಯಿಗಳೊಡನೆ ಹೊರಡುವುದು ಪದ್ಧತಿಯಾಗಿತ್ತು. ದಕ್ಷಿಣಕ್ಕೆ ರಾಯದುರ್ಗದ ಬೆಟ್ಟಸಾಲು, ಪಶ್ಚಿಮಕ್ಕೆ ದೂರದಲ್ಲಿ ಸಂಡೂರಿನ ಕೆಂಪು ಗುಡ್ಡಗಳು. ಅಜ್ಜನಿಗೆ ಇವೆಲ್ಲ ಒಂದೇ ನಾಡು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ ಮೈಸೂರಿಗೆ ಸೇರಿತು. ಮನೆಯಂಗಳದಲ್ಲಿ ನಿಂತು ನೋಡಿದರೆ ಕಾಣುವ ಬೆಟ್ಟಗಳಲ್ಲಿ ಯಾವುದು ಯಾವ ರಾಜ್ಯದ್ದೆಂದು ಅಜ್ಜ ಕೊನೆಯವರೆಗೂ ಲೆಕ್ಕವಿಡಲಿಲ್ಲ. ಕಾಡುಹಂದಿಯೂ ಮೊಲವೂ ಲೆಕ್ಕವಿಡುವುದಿಲ್ಲವೆಂದು ಅವನು ನಗುತ್ತಿದ್ದ.

ಆದರೆ ಕಾಲು ಲೆಕ್ಕವಿಡುತ್ತದೆ. ನಮ್ಮ ಸೀಮೆಯಲ್ಲಿ ಬೆಟ್ಟಕ್ಕೆ ಹೊರಟವನ ಕಾಲು ಒಂದೇ ದಿನದಲ್ಲಿ ಮೂರು ನೆಲಗಳನ್ನು ತುಳಿಯಬೇಕು. ಮೊದಲು ಎರೆಭೂಮಿ: ಬೇಸಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರುಕು, ಮಳೆ ಬಂದರೆ ಅಟ್ಟೆಗೆ ಸೇರು ಸೇರು ಮಣ್ಣು. ಆಮೇಲೆ ಹಗರಿಯ ಮರಳು. ಆಷಾಢದ ಗಾಳಿಗೆ ಹೊಳೆಯ ಮರಳು ಎದ್ದು ಬೊಮ್ಮನಹಾಳು, ಕಣೇಕಲ್ಲಿನ ಹೊಲಗಳ ಮೇಲೆ ದಿಬ್ಬವಾಗಿ ಕೂರುವುದನ್ನು ನಾವೆಲ್ಲ ಕಂಡವರೇ. ಈ ಮರಳಲ್ಲಿ ಭಾರವಾದ ಮೆಟ್ಟು ಹೂತುಹೋಗುತ್ತದೆ, ಸಡಿಲವಾದದ್ದು ಕಳಚಿಕೊಳ್ಳುತ್ತದೆ. ಕೊನೆಗೆ ಬೆಟ್ಟದ ಕಲ್ಲು: ಬಿಸಿಲಿಗೆ ಕಾದ ಬೋಳು ಹಾಸುಬಂಡೆ, ನಡುನಡುವೆ ಉರುಳುಗಲ್ಲು, ಸಂದುಗಳಲ್ಲಿ ಜಾಲಿಮುಳ್ಳು, ಬಟ್ಟೆಗೆ ಚುಚ್ಚಿಕೊಳ್ಳುವ ಹುಲ್ಲಿನ ಮುಳ್ಳು, ಕಲ್ಲಿನಡಿ ಮಂಡಲದ ಹಾವು. ಇವೆಲ್ಲಕ್ಕೂ ಒಂದೇ ಮೆಟ್ಟು ಒದಗಬೇಕು. ಬೇಟೆಗಾರನಿಗಂತೂ ಇನ್ನೊಂದು ಷರತ್ತು: ಅದು ಸದ್ದು ಮಾಡಕೂಡದು. ಮದುವೆಗೆ ಹೋಗುವವರು ಜೀರ್ ಜೀರ್ ಎನ್ನುವ ಮೆಟ್ಟನ್ನು ಬೇಕೆಂದು ಹೇಳಿ ಹೊಲಿಸಿಕೊಳ್ಳುತ್ತಿದ್ದ ಕಾಲ ಅದು. ಅಜ್ಜ ಮಾತ್ರ ತನ್ನ ಹೊಸ ಕೆರವನ್ನು ವಾರಗಟ್ಟಲೆ ಔಡಲೆಣ್ಣೆಯಲ್ಲಿ ನೆನೆಸಿ, ಬಾಗಿಸಿ, ಕಿವಿಯ ಬಳಿ ಹಿಡಿದು ತಿರುಚಿ ನೋಡುತ್ತಿದ್ದ. ಚೂರು ಕಿರುಗುಟ್ಟಿದರೂ ಮತ್ತೆ ಎಣ್ಣೆಗೆ.

ಆ ಕೆರಕ್ಕೆ ಅಳತೆ ಕೊಟ್ಟ ದಿನ ನನಗೆ ಚೆನ್ನಾಗಿ ನೆನಪಿದೆ. 1966ರ ಯುಗಾದಿಗೆ ಇನ್ನೂ ತಿಂಗಳಿತ್ತು. ನನಗೆ ಎಂಟು ವರ್ಷ. ಕೆರ ಹೊಲಿಯುವ ಅಜ್ಜ ಸಂಜೆಯ ಹೊತ್ತು ನಮ್ಮ ಬೀದಿಗೆ ಬಂದ. ಬೀದಿಯ ತುದಿಯಲ್ಲೇ ತನ್ನ ಮೆಟ್ಟನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದ. ಜೊತೆಯಲ್ಲಿ ನನ್ನದೇ ವಯಸ್ಸಿನ ಅವನ ಮೊಮ್ಮಗ. ಶಾಲೆಯಲ್ಲಿ ನನ್ನ ತರಗತಿಯವನೇ. ಅವನ ತಲೆಯ ಮೇಲೆ ಒಂದು ಪುಟ್ಟಿ ಹಗರಿಯ ನುಣ್ಣನೆಯ ಮರಳು.

ಮರಳನ್ನು ನಮ್ಮ ಜಗಲಿಯ ಮುಂದೆ ಸುರಿದು, ನೀರು ಚಿಮುಕಿಸಿ, ಅಂಗೈಯಿಂದ ಸಮ ಮಾಡಿದರು. ಹೊಲದಿಂದ ಬಂದು ಕಾಲು ತೊಳೆದಿದ್ದ ಅಜ್ಜ ಅದರ ಮೇಲೆ ಬಲಗಾಲಿಟ್ಟು ನಿಂತ, ಆಮೇಲೆ ಎಡಗಾಲು. ಕೆರದಜ್ಜ ದೂರದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದ. ಅನಂತರ ಮರಳನ್ನು ಮತ್ತೆ ಸಮ ಮಾಡಿಸಿ, ಬಿತ್ತನೆಬೀಜದ ಚೀಲವೊಂದನ್ನು ಹೆಗಲ ಮೇಲೆ ಹೊತ್ತು ನಿಲ್ಲುವಂತೆ ಅಜ್ಜನಿಗೆ ಹೇಳಿದ. ಹೊರೆ ಹೊತ್ತಾಗ ಕಾಲು ಅಗಲವಾಗುತ್ತದಂತೆ. ಬೇಟೆಯಿಂದ ಮರಳುವಾಗ ಹೆಗಲ ಮೇಲೆ ಹೊರೆ ಇರುತ್ತದಲ್ಲವೇ! ಅಜ್ಜ ಪಕ್ಕಕ್ಕೆ ಸರಿದ ಮೇಲೆ ಕೆರದಜ್ಜ ಹತ್ತಿರ ಬಂದು ಆ ಹೆಜ್ಜೆಯ ಗುರುತಿನ ಉದ್ದಗಲಗಳನ್ನು ಈಚಲಗರಿಯಲ್ಲಿ ಅಳೆದು, ಅಳತೆಗೊಂದು ಗಂಟು ಹಾಕಿಕೊಂಡ. ಮುಂಗಾಲಿನ ಸುತ್ತಳತೆ ಮರಳಿನಲ್ಲಿ ಮೂಡುವುದಿಲ್ಲ. ಅದಕ್ಕಾಗಿ ಒಂದು ದಾರವನ್ನು ಜಗಲಿಯ ಮೇಲೆ ಎಸೆದ. ಅಜ್ಜ ಅದನ್ನು ತಾನೇ ಕಾಲಿಗೆ ಸುತ್ತಿ, ಗುರುತಿಟ್ಟು, ಮರಳಿ ಎಸೆದ. ಬೇಟೆಗಾರರ ಮನೆಯ ಹುಡುಗನಾದ ನನಗೆ ಹೆಜ್ಜೆಯನ್ನು ಓದುವುದೆಂದರೇನೆಂದು ಗೊತ್ತಿತ್ತು. ಪ್ರಾಣಿಯ ಹೆಜ್ಜೆಯನ್ನು ಅಜ್ಜ ಓದುವಂತೆ ಅಜ್ಜನ ಹೆಜ್ಜೆಯನ್ನೇ ಇನ್ನೊಬ್ಬ ಓದುತ್ತಿದ್ದಾನಲ್ಲ ಎಂಬ ಬೆರಗಿನಲ್ಲಿ ನಾನಿದ್ದೆ. ದಾರವನ್ನು ಏಕೆ ಎಸೆಯಬೇಕಾಯಿತು ಎಂದು ನಾನು ಕೇಳಲಿಲ್ಲ. ಸಂವಿಧಾನ ಅಸ್ಪೃಶ್ಯತೆಯನ್ನು ನಿಷೇಧಿಸಿ ಆಗಲೇ ಹದಿನಾರು ವರ್ಷಗಳಾಗಿದ್ದವು.

ಕೆರ ತಯಾರಾಗಿ ಬಂದದ್ದು ಮೂರು ವಾರಗಳ ಮೇಲೆ. ಎಮ್ಮೆಯ ತೊಗಲನ್ನು ಸುಣ್ಣದಲ್ಲಿ ನೆನೆಸಿ ಕೂದಲು ತೆಗೆದು, ನಮ್ಮ ಬಂಜರುಗಳಲ್ಲೆಲ್ಲ ಹಳದಿ ಹೂ ಬಿಡುವ ತಂಗಡಿಯ ತೊಗಟೆಯ ರಸದಲ್ಲಿ ಹದ ಮಾಡುವುದು ಅವರ ಕ್ರಮ. ದಕ್ಷಿಣ ಭಾರತದ ಚರ್ಮದ ಹದಗಾರಿಕೆ ಬಹುಕಾಲ ನಿಂತದ್ದೇ ಈ ತಂಗಡಿಯ ಮೇಲೆ. ಹದವಾದ ಅಟ್ಟೆ ಹಲಗೆಯಂತೆ ಗಟ್ಟಿ. ಜಾಲಿಮುಳ್ಳು ಅದರೊಳಗೆ ಅರ್ಧ ಇಳಿದು ಮುರಿಯುತ್ತದೆ, ಕಾಲಿಗೆ ಮುಟ್ಟುವುದಿಲ್ಲ. ಅಜ್ಜ ಅದನ್ನು ಮೆಟ್ಟಿ ಅಂಗಳದಲ್ಲಿ ಒಂದು ಸುತ್ತು ನಡೆದು, ಒಂದೂ ಮಾತಾಡದೆ ಒಳಗೆ ಹೋಗಿ ಜೋಳ ಅಳೆಸಿಕೊಟ್ಟ. ಆ ಮೌನವೇ ಮೆಚ್ಚುಗೆ.

ಆ ಕೆರ ಬೆಟ್ಟ ಹತ್ತಿದ್ದು ಹೆಚ್ಚು ವರ್ಷವಲ್ಲ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿತು. ಕಾಯ್ದೆಗೆ ಮುಂಚೆಯೇ ಬೆಟ್ಟ ಬರಿದಾಗುತ್ತಿದ್ದುದನ್ನು ಅಜ್ಜ ಬಲ್ಲ. ಎರೆಹೊಲಗಳಲ್ಲಿ ಹಿಂದೆ ಹಿಂಡುಗಟ್ಟಿ ನಿಲ್ಲುತ್ತಿದ್ದ ಚಿಗರಿಗಳ ಮಾತನ್ನು ಅವನು ಆಡುತ್ತಿದ್ದುದು ಭೂತಕಾಲದಲ್ಲೇ. ಎರೆಭೂತವೆಂದು ನಮ್ಮವರು ಕರೆಯುವ ಆ ದೊಡ್ಡ ಹಕ್ಕಿ ಈಗ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿದೆಯೆಂದರೆ ಅದರಲ್ಲಿ ನಮ್ಮ ಹಿರಿಯರ ಬಲೆಗಳ ಪಾಲೂ ಇದೆ. ಮೇಷ್ಟರೊಬ್ಬರು ಬಂದು ಕಾಯ್ದೆಯನ್ನು ಓದಿ ಹೇಳಿದ ಮೇಲೆ ಅಜ್ಜ ಭರ್ಚಿಯನ್ನು ಅಟ್ಟಕ್ಕೆ ಸೇರಿಸಿದ, ಕೆರವನ್ನು ಗೂಟಕ್ಕೆ ಹಾಕಿದ. ವರ್ಷಕ್ಕೊಮ್ಮೆ ಎಣ್ಣೆ ಹಚ್ಚುವುದನ್ನು ಮಾತ್ರ ಬಿಡಲಿಲ್ಲ. ಅವನ ನಂತರ ಆ ಕೆಲಸವನ್ನು ಅಪ್ಪ ಮಾಡಿದರು, ಅಪ್ಪನ ನಂತರ ನಾನು.

ನಾನು ಓದಿ, ಕೆಲಸ ಹಿಡಿದು, ಬೆಂಗಳೂರು ಸೇರಿ, ನಿವೃತ್ತನಾದೆ. ಸಕ್ಕರೆಯ ಪ್ರಮಾಣ ಹೆಚ್ಚಿದೆ, ನಡೆಯಿರಿ ಎಂದರು ವೈದ್ಯರು. ಅಜ್ಜ ಹತ್ತಿದ ಬೆಟ್ಟವನ್ನೇ ಹತ್ತೋಣವೆಂದು ಮನಸ್ಸಾಯಿತು. ಕೊಲ್ಲುವುದಕ್ಕಲ್ಲ, ನೋಡುವುದಕ್ಕೆ. ದೊಡ್ಡ ಅಂಗಡಿಯೊಂದಕ್ಕೆ ಹೋಗಿ, ನನ್ನ ಒಂದು ತಿಂಗಳ ಪಿಂಚಣಿಯ ಮೂರನೆಯ ಒಂದು ಪಾಲನ್ನು ತೆತ್ತು, ಹರಡು ಮುಚ್ಚುವ ಪರದೇಶದ ಬೂಟು ಕೊಂಡೆ. ಹೊತ್ತು ಬೆಳಗಿನ ಹನ್ನೊಂದು. ಕಾಲಲ್ಲಿ ತೆಳುವಾದ ಹತ್ತಿಯ ಕಾಲುಚೀಲ. ನನ್ನ ಮಾಮೂಲು ಒಂಬತ್ತನೆಯ ಅಳತೆ ಬೆರಳುಗಳನ್ನು ಅಕ್ಕಪಕ್ಕದಿಂದ ಹಿಂಡಿತು. ಹತ್ತು ತೆಗೆದುಕೊಳ್ಳಿ, ಸರಿಯಾಗುತ್ತದೆ ಎಂದರು. ಹತ್ತು ಹಾಕಿಕೊಂಡು ಅಂಗಡಿಯ ನೆಲಹಾಸಿನ ಮೇಲೆ ನಾಲ್ಕು ಹೆಜ್ಜೆ ನಡೆದೆ. ಹಾಯೆನಿಸಿತು.

ಮುಂದಿನ ಮಾಘದಲ್ಲಿ ಊರಿಗೆ ಬಂದು, ಬೆಳಗಿನ ಬಸ್ಸಿಗೆ ರಾಯದುರ್ಗಕ್ಕೆ ಹೋದೆ. ದಶಭುಜ ಗಣಪತಿಗೆ ಕೈಮುಗಿದು ಏರತೊಡಗಿದೆ. ಒಂದು ಕಾಲಕ್ಕೆ ಬೇಡ ನಾಯಕರ ನೆಲೆಯಾಗಿದ್ದು, ಆಮೇಲೆ ವಿಜಯನಗರದವರ ವಶವಾದ ಕೋಟೆ ಅದು. ಬೆಟ್ಟಕ್ಕೆ ಎರಡು ಶಿಖರ, ನಡುವೆ ತಗ್ಗಿದ ಹೆಗಲು. ಏರುವಾಗ ಹಿಮ್ಮಡಿ ಬೂಟಿನೊಳಗೆ ಮೇಲೆ ಕೆಳಗೆ ಆಡುತ್ತಿತ್ತು, ಲೆಕ್ಕಿಸಲಿಲ್ಲ. ಹೆಗಲಿನ ಹತ್ತಿರ ಬರುವ ಹೊತ್ತಿಗೆ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಒಡೆದಿತ್ತು. ಇಳಿಯುವಾಗ ಇನ್ನೊಂದು ಬಗೆಯ ಶಿಕ್ಷೆ. ಹೆಜ್ಜೆಹೆಜ್ಜೆಗೂ ಕಾಲು ಮುಂದಕ್ಕೆ ಜಾರಿ ಬೆರಳುಗಳು ಬೂಟಿನ ಮೂತಿಗೆ ಬಡಿಯುತ್ತಿದ್ದವು. ಹೆಬ್ಬೆರಳಿನ ಉಗುರು ನೀಲಿಗಟ್ಟಿತು. ಬೆವರಿಗೆ ತೊಯ್ದ ಹತ್ತಿಯ ಕಾಲುಚೀಲ ಒದ್ದೆಯ ಚಿಂದಿಯಾಗಿ ಮಡಿಸಿಕೊಂಡಿತ್ತು. ಅರ್ಧ ದಾರಿಯಲ್ಲಿ ಕುಳಿತು ಬೂಟು ಬಿಚ್ಚಿದೆ. ಮತ್ತೆ ಹಾಕಲು ಆಗಲಿಲ್ಲ. ಲಾಡಿಗಳನ್ನು ಒಂದಕ್ಕೊಂದು ಗಂಟು ಹಾಕಿ ಬೂಟನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಇಳಿದೆ, ಬರಿಗಾಲಲ್ಲೇ ಬಸ್ಸು ಹತ್ತಿದೆ. ಸಕ್ಕರೆ ಕಾಯಿಲೆಯವನು ಕಾಲಿಗೆ ಗಾಯ ಮಾಡಿಕೊಳ್ಳಬಾರದೆಂಬ ವೈದ್ಯರ ಮಾತು ಬೊಮ್ಮನಹಾಳು ಬರುವವರೆಗೂ ಕಿವಿಯಲ್ಲಿತ್ತು.

ಬಸ್ಸಿಳಿದು ಮನೆಗೆ ಹೋಗುವ ದಾರಿಯಲ್ಲಿ ನನ್ನ ಆ ಸಹಪಾಠಿಯ ಮನೆ. ಮೂವತ್ತು ವರ್ಷ ತಮಿಳುನಾಡಿನ ಆಂಬೂರಿನ ಶೂ ಕಾರ್ಖಾನೆಯಲ್ಲಿ ದುಡಿದು, ಅವನೂ ನಿವೃತ್ತನಾಗಿ ಊರಿಗೆ ಬಂದಿದ್ದ. ಕಟ್ಟೆಯ ಮೇಲೆ ಕೂತಿದ್ದವನು ನನ್ನನ್ನು ಕಂಡು, "ಏನಪ್ಪಾ, ಬೂಟು ಕೈಗೆ ಬಂದಾವು?" ಎಂದು ನಕ್ಕ.

ನಾನೂ ನಗಬೇಕೆಂದುಕೊಂಡೆ, ಆಗಲಿಲ್ಲ. ಬೀದಿಯ ತುದಿಯಲ್ಲಿ ಮೆಟ್ಟು ಬಿಚ್ಚಿ ಕೈಯಲ್ಲಿ ಹಿಡಿದು ನಮ್ಮ ಮನೆಯ ಮುಂದೆ ನಡೆದು ಬರುತ್ತಿದ್ದ ಅವನ ಅಜ್ಜನ ನೆನಪು ನನಗೆ ಬಂದಿತು. ಅವನಿಗೂ ಬಂದಿರಬೇಕು, ನಗು ಅಲ್ಲಿಗೇ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ, "ಬಾ, ಕೂಡು. ಕಾಲು ತೋರಿಸು" ಎಂದ.

ಕಾಲು ತೊಳೆಯಲು ನೀರು ಕೊಟ್ಟು, ಬಟ್ಟೆಯಿಂದ ಒರೆಸಿ, ನನ್ನ ಪಾದವನ್ನು ತನ್ನ ಮೊಣಕಾಲಿನ ಮೇಲಿಟ್ಟುಕೊಂಡು ಎರಡೂ ಹೆಬ್ಬೆರಳುಗಳಿಂದ ಒತ್ತಿ ಒತ್ತಿ ನೋಡಿದ. ನನಗೆ ಸಂಕೋಚವಾಗಿ ಕಾಲೆಳೆದುಕೊಳ್ಳಹೋದೆ. "ಸುಮ್ಮನಿರು, ಮೂವತ್ತು ವರ್ಷ ಇದನ್ನೇ ಮಾಡೀನಿ" ಎಂದ. ಆಮೇಲೆ ಬೂಟಿನೊಳಗೆ ಕೈ ಹಾಕಿ, ಬಾಗಿಸಿ, ತಿರುಚಿ ನೋಡಿ, ತಪ್ಪು ಬೂಟಿನದಲ್ಲ, ಆರಿಸಿಕೊಂಡ ರೀತಿಯದು ಎಂದ.

ಅವನು ವಿವರಿಸಿದ್ದರ ಸಾರ ಇದು. ಕಾರ್ಖಾನೆಯ ಶೂ ಹುಟ್ಟುವುದು ಕಾಲಿನ ಮೇಲಲ್ಲ, ಅಚ್ಚಿನ ಮೇಲೆ. ಮರದಿಂದಲೋ ಪ್ಲಾಸ್ಟಿಕ್ಕಿನಿಂದಲೋ ಮಾಡಿದ ಕೃತಕ ಪಾದ ಅದು. ಪರದೇಶದ ಅಚ್ಚು ಅಲ್ಲಿಯವರ ಕಾಲಿನದು. ಬೆರಳುಗಳ ಬುಡದಲ್ಲಿ ಕಿರಿದು. ಬಾಲ್ಯವೆಲ್ಲ ಬರಿಗಾಲಲ್ಲಿ ನಡೆದ ನಮ್ಮಂಥವರ ಪಾದ ಮುಂದೆ ಬೀಸಣಿಗೆಯಂತೆ ಹರಡಿರುತ್ತದೆ. ಅಗಲ ಸಾಲದೆಂದು ಉದ್ದವನ್ನು ಹೆಚ್ಚಿಸಿಕೊಂಡರೆ ಹಿಮ್ಮಡಿ ಸಡಿಲವಾಗುತ್ತದೆ, ಬೂಟು ಮಡಿಯುವ ಜಾಗ ಕಾಲು ಮಡಿಯುವ ಜಾಗಕ್ಕೆ ಹೊಂದುವುದಿಲ್ಲ. ಏರುವಾಗ ಹಿಮ್ಮಡಿ ಉಜ್ಜುತ್ತದೆ, ಇಳಿಯುವಾಗ ಬೆರಳು ಬಡಿಯುತ್ತದೆ. ನನಗಾದದ್ದು ಅಕ್ಷರಶಃ ಇದೇ. ಚೆನ್ನೈನಲ್ಲಿ 1948ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚಿಯವರೆಗೆ ದೇಶದ 79 ಸ್ಥಳಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿಯ ಪಾದಗಳನ್ನು ಅಳೆದು, ಭಾರತೀಯರ ಪಾದ ಸಾಮಾನ್ಯವಾಗಿ ಹೆಚ್ಚು ಅಗಲವೆಂದು ಕಂಡುಕೊಂಡರು. ನಮ್ಮದೇ ಅಳತೆಯ ಕ್ರಮವೊಂದನ್ನು ರೂಪಿಸಿ ಅದಕ್ಕೆ 'ಭ' ಎಂದು ಹೆಸರಿಟ್ಟರು. "ನಮ್ಮಜ್ಜ ಅದನ್ನ ಒಂದು ಪುಟ್ಟಿ ಮರಳಿನಾಗ ಮಾಡ್ತಿದ್ದ" ಎಂದು ಗೆಳೆಯ ಕಣ್ಣು ಮಿಟುಕಿಸಿದ.

ಆಮೇಲಿನ ವಾರ ಗಾಯ ಮಾಗುವವರೆಗೆ ನಾನು ದಿನವೂ ಅವನ ಕಟ್ಟೆಗೆ ಹೋದೆ. ಬೆಟ್ಟದ ಬೂಟಿನ ಬಗ್ಗೆ ಅವನಿಂದ ಕಲಿತದ್ದನ್ನು ಇಲ್ಲಿ ಬರೆದಿಡುವುದು ನನ್ನಂತೆ ತಡವಾಗಿ ಬೆಟ್ಟ ಹತ್ತಲು ಹೊರಟವರಿಗೆ ಉಪಯೋಗವಾದೀತು.

ಬೂಟು ಕೊಳ್ಳಲು ಸಂಜೆಯ ಹೊತ್ತು ಹೋಗಬೇಕು. ದಿನದ ನಡಿಗೆಗೆ ಕಾಲು ಊದಿರುತ್ತದೆ. ಎರಡೂ ಪಾದಗಳನ್ನು ಅಳೆಸಿ, ದೊಡ್ಡದಾಗಿರುವ ಪಾದಕ್ಕೆ ಹೊಂದುವಂತೆ ಕೊಳ್ಳಬೇಕು. ಬೆಟ್ಟಕ್ಕೆ ಹಾಕುವ ದಪ್ಪ ಕಾಲುಚೀಲವನ್ನೇ ಧರಿಸಿ ನೋಡಬೇಕು. ಉಣ್ಣೆಯ ಅಥವಾ ನೈಲಾನ್ ಬೆರೆತ ಕಾಲುಚೀಲ ಲೇಸು, ಬೆವರನ್ನು ಹೀರಿ ಹಿಡಿದಿಡುವ ಹತ್ತಿ ಬೇಡ. ನಿಂತಾಗ ಉದ್ದವಾದ ಬೆರಳಿನ ಮುಂದೆ ಹೆಬ್ಬೆರಳಿನಗಲದ ಜಾಗವಿರಬೇಕು. ಲಾಡಿ ಬಿಗಿದ ಮೇಲೆ ಹಿಮ್ಮಡಿ ಏಳಕೂಡದು. ಇಳಿಜಾರಾದ ಹಲಗೆಯ ಮೇಲೋ ಮೆಟ್ಟಿಲ ಮೇಲೋ ಇಳಿದು ನೋಡಿದಾಗ ಬೆರಳು ಮುಂದಕ್ಕೆ ತಾಗಬಾರದು. ಸಾಧ್ಯವಾದರೆ ಬೆನ್ನಿಗೊಂದು ಭಾರದ ಚೀಲ ಹಾಕಿಕೊಂಡು ನಡೆದು ನೋಡಬೇಕು. ಈ ಮಾತು ಕೇಳಿದಾಗ ಬಿತ್ತನೆಬೀಜದ ಚೀಲ ಹೊತ್ತು ನಿಂತ ಅಜ್ಜ ಕಣ್ಣಮುಂದೆ ಬಂದ.

ಅಟ್ಟೆಯ ವಿಷಯ ಬೇರೆ. ಹಿಂದೆ ಯೂರೋಪಿನ ಬೆಟ್ಟಗಾರರು ಬೂಟಿನ ಅಟ್ಟೆಗೆ ಕಬ್ಬಿಣದ ಮೊಳೆ ಹೊಡೆಸಿಕೊಳ್ಳುತ್ತಿದ್ದರು. ಕಡಿದಾದ ಬಂಡೆ ಏರುವಾಗ ಅದನ್ನು ಬಿಚ್ಚಿಟ್ಟು ತೆಳು ಅಟ್ಟೆಯ ಹಗುರ ಮೆಟ್ಟು ಹಾಕಿಕೊಳ್ಳುತ್ತಿದ್ದರು. 1935ರಲ್ಲಿ ಆಲ್ಪ್ಸ್ ಪರ್ವತದಲ್ಲಿ ಹಿಮಗಾಳಿಗೆ ಸಿಕ್ಕು ಆರು ಮಂದಿ ಸತ್ತರು. ಅವರ ಕಾಲಿನ ಮೆಟ್ಟು ಆ ಹವೆಗೆ ತಕ್ಕುದಾಗಿರಲಿಲ್ಲ. ಅವರ ಒಡನಾಡಿಯಾಗಿದ್ದ ಇಟಲಿಯ ವಿತಾಲೆ ಬ್ರಮಾನಿ ಆ ನೋವಿನಿಂದ ಯೋಚಿಸಿ, ಬಂಡೆಗೂ ಹಿಮಕ್ಕೂ ಒದಗುವ, ಆಳವಾದ ಕಚ್ಚುಗಳ ರಬ್ಬರ್ ಅಟ್ಟೆಯನ್ನು 1937ರಲ್ಲಿ ರೂಪಿಸಿದ. ಇಂದಿನ ಬೆಟ್ಟದ ಬೂಟುಗಳ ಅಟ್ಟೆಯೆಲ್ಲ ಅದರ ಸಂತತಿ. ಬೇಟೆಗಾರರ ದಾರಿ ಇನ್ನೊಂದು. ತೇಜಸ್ವಿಯವರ ಕನ್ನಡದಲ್ಲಿ ಕೆನೆತ್ ಆಂಡರ್ಸನ್ನನ ಕಾಡಿನ ಕಥೆಗಳನ್ನು ಓದಿ ಬೆಳೆದ ನಾವು ಕೋವಿಯನ್ನೇ ನೆನಪಿಟ್ಟೆವು, ಕಾಲನ್ನು ಮರೆತೆವು. ನರಭಕ್ಷಕಗಳ ಬೆನ್ನು ಹತ್ತಿದ ಜಿಮ್ ಕಾರ್ಬೆಟ್ ರಬ್ಬರ್ ಅಟ್ಟೆಯ ಹಗುರ ಮೆಟ್ಟನ್ನು ನೆಚ್ಚಿದ್ದ. ಒಣ ಎಲೆಯ ಮೇಲೆ ಸದ್ದಾಗದೆ ನಡೆಯುವುದು ಅವನಿಗೆ ಪ್ರಾಣದ ಪ್ರಶ್ನೆ. ಆತ ರಬ್ಬರಿನಿಂದ ಪಡೆದದ್ದನ್ನು ನಮ್ಮಜ್ಜ ಔಡಲೆಣ್ಣೆಯಿಂದ ಪಡೆದಿದ್ದ.

ನಮ್ಮ ಸೀಮೆಯ ಬೆಟ್ಟಕ್ಕೆ ನೀರು ತಡೆಯುವ ಒಳಪದರ ಬೇಕಿಲ್ಲ. ಅದು ಬೆವರನ್ನೂ ತಡೆದು ಕಾಲನ್ನು ಬೇಯಿಸುತ್ತದೆ. ಬೇಕಾದದ್ದು ಗಾಳಿಯಾಡುವ ಮೇಲುಭಾಗ, ಬೋಳು ಬಂಡೆಗೆ ಕಚ್ಚುವ ಮೆದು ರಬ್ಬರಿನ ತಳ, ಅದರ ಮೇಲೆ ಮುಳ್ಳು ತೂರದ ಗಟ್ಟಿ ಪದರ, ಉರುಳುಗಲ್ಲಿನಿಂದ ಹರಡನ್ನು ಕಾಯುವಷ್ಟು ಎತ್ತರ. ಬರಿಯ ಬುರುಗಿನ ಅಟ್ಟೆಯ ಓಟದ ಶೂಗಳನ್ನು ಬಳ್ಳಾರಿ ಜಾಲಿಯ ಮುಳ್ಳು ಬೆಣ್ಣೆಯಂತೆ ತೂರುತ್ತದೆ. ತೂಕ ಆದಷ್ಟು ಕಡಿಮೆಯಿರಲಿ. ಬೆನ್ನಿನ ಭಾರಕ್ಕಿಂತ ಕಾಲಿನ ಭಾರ ಹೆಚ್ಚು ದಣಿಸುತ್ತದೆ. ಏರುವಾಗ ಹರಡಿನ ಬಳಿ ಲಾಡಿ ತುಸು ಸಡಿಲ, ಇಳಿಯುವಾಗ ಬಿಗಿ. ಹೊರಡುವ ಮುನ್ನ ಉಗುರು ಕತ್ತರಿಸಬೇಕು. ಹೊಸ ಬೂಟನ್ನು ಮನೆಯಲ್ಲಿ, ಬೀದಿಯಲ್ಲಿ ಹತ್ತಾರು ದಿನ ಹಾಕಿ ಪಳಗಿಸದೆ ಬೆಟ್ಟಕ್ಕೆ ಒಯ್ಯಬಾರದು. ಕೊಂಡು ಪೆಟ್ಟಿಗೆಯಲ್ಲಿಟ್ಟರೆ ಉಳಿಯುತ್ತದೆಂಬುದೂ ಭ್ರಮೆ. ಈಗಿನ ಎಷ್ಟೋ ಬೂಟುಗಳ ನಡುಪದರ ಬಳಸದೆ ಇಟ್ಟರೂ ಗಾಳಿಯ ತೇವಕ್ಕೆ ಕೆಲವೇ ವರ್ಷಗಳಲ್ಲಿ ಪುಡಿಯಾಗುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆ ಒಂದು ದಿನ ಕೊಟ್ಟಿಗೆಯಿಂದ ಬೇಟೆಯ ಕೆರವನ್ನು ತಂದು ಗೆಳೆಯನ ಮುಂದಿಟ್ಟೆ. ಅವನು ತನ್ನ ಅಜ್ಜನ ಕೈಗೆಲಸವನ್ನು ಅಷ್ಟು ಹತ್ತಿರದಿಂದ ಕಂಡು ದಶಕಗಳಾಗಿದ್ದವು. ಅಂಗೈಯಿಂದ ಒರೆಸಿ, ಹೊಲಿಗೆಯ ಮೇಲೆ ಬೆರಳಾಡಿಸಿ, ಮಗುಚಿ, ಹಿಮ್ಮಡಿಗಳನ್ನು ಜೋಡಿಸಿ ಬಹಳ ಹೊತ್ತು ನೋಡಿದ. "ನಿಮ್ಮಜ್ಜ ಎಡಗಾಲು ಕುಂಟತಿದ್ದನೇನು?" ಎಂದು ಕೇಳಿದ.

ಇಲ್ಲವೆಂದೆ. ನಾನು ಕಂಡಂತೆ ಅಜ್ಜ ನೆಟ್ಟಗೆ ನಡೆಯುತ್ತಿದ್ದ.

"ಹಂಗಾದ್ರ ಇದು ನೋಡು" ಎಂದು ತೋರಿಸಿದ. ಬಲಗಾಲಿನ ಹಿಮ್ಮಡಿಗೆ ಮೂರು ಪದರು. ಎಡಗಾಲಿನದಕ್ಕೆ ಮೂರರ ನಡುವೆ ಹೊರಗೆ ಕಾಣದಂತೆ ತೆಳುವಾದ ನಾಲ್ಕನೆಯದೊಂದು. ಹೊಲಿಗೆಯೂ ಅಲ್ಲಿ ಇಮ್ಮಡಿ. ಅಜ್ಜನ ಎಡಗಾಲು ಕೂದಲೆಳೆಯಷ್ಟು ಗಿಡ್ಡವಿದ್ದಿರಬೇಕು. ಮರಳಿನಲ್ಲಿ ಮೂಡಿದ ಹೆಜ್ಜೆಯ ಆಳ ನೋಡಿ ಕೆರದಜ್ಜ ಅದನ್ನು ತಿಳಿದುಕೊಂಡಿದ್ದ. ಅಜ್ಜ ಕುಂಟದೆ ನಡೆದದ್ದು ಆ ನಾಲ್ಕನೆಯ ಪದರಿನಿಂದ. ಅದನ್ನು ಅವನು ಯಾರಿಗೂ ಹೇಳಿದಂತಿಲ್ಲ. ಅದಕ್ಕೆಂದು ಒಂದು ಪಾವು ಜೋಳ ಹೆಚ್ಚಿಗೆ ಕೇಳಿದಂತೆಯೂ ಇಲ್ಲ. ನಮ್ಮ ಮನೆಯವರಿಗೆ ಐವತ್ತು ವರ್ಷ ಎಣ್ಣೆ ಹಚ್ಚಿದರೂ ಕಾಣದ್ದು ಅವನ ಮೊಮ್ಮಗನಿಗೆ ಒಂದೇ ನೋಟದಲ್ಲಿ ಕಂಡಿತು.

ಅಂದು ರಾತ್ರಿ ನಿದ್ದೆ ಹತ್ತಲಿಲ್ಲ. ನಮ್ಮ ಮನೆಯಲ್ಲಿ ಶಿವರಾತ್ರಿಗೆ ತಪ್ಪದೆ ಹೇಳುವುದು ಬೇಡರ ಕಣ್ಣಪ್ಪನ ಕಥೆ. 1954ರಲ್ಲಿ ರಾಜಕುಮಾರರು ಆ ಪಾತ್ರವಾಗಿ ತೆರೆಗೆ ಬಂದ ಚಿತ್ರವನ್ನು ಅಜ್ಜ ಬಳ್ಳಾರಿಗೆ ಹೋಗಿ ನೋಡಿಬಂದಿದ್ದನಂತೆ. ಬೇಟೆಯಿಂದ ನೇರವಾಗಿ ಬಂದ ಕಣ್ಣಪ್ಪ ಮೆಟ್ಟಿನ ಕಾಲಿನಿಂದಲೇ ಲಿಂಗದ ಮೇಲಿನ ನಿರ್ಮಾಲ್ಯವನ್ನು ಸರಿಸಿದ. ಎರಡನೆಯ ಕಣ್ಣು ಕೀಳುವ ಮುನ್ನ ಗುರುತಿಗೆಂದು ಪಾದವನ್ನು ಲಿಂಗದ ಮೇಲಿಟ್ಟ. ಶಿವ ಅದನ್ನು ಒಪ್ಪಿಕೊಂಡ. ಬೇಡನ ಮೆಟ್ಟಿಗೂ ದೇವರ ನೆತ್ತಿಯ ಮೇಲೆ ಜಾಗವುಂಟೆಂದು ಹೇಳುವಾಗ ಅಜ್ಜನ ದನಿ ಏರುತ್ತಿತ್ತು. ಅದು ನಮ್ಮ ಕುಲದ ಹೆಮ್ಮೆ. ಇನ್ನೊಂದು ಕಥೆಯನ್ನು ನಮ್ಮ ಮನೆಯಲ್ಲಿ ಹೇಳಿದ್ದನ್ನು ನಾನು ಕೇಳಿಲ್ಲ. ಕಲ್ಯಾಣದ ಹರಳಯ್ಯ, ಬಸವಣ್ಣನವರು ತನಗೆ ಎರಡು ಬಾರಿ ಶರಣೆಂದ ಋಣ ತೀರಿಸಲು ತನ್ನ ಮತ್ತು ಹೆಂಡತಿ ಕಲ್ಯಾಣಮ್ಮನ ತೊಡೆಯ ಚರ್ಮದಿಂದ ಚಮ್ಮಾವುಗೆ ಮಾಡಿ ತಂದ. ಬಸವಣ್ಣನವರು ಅದನ್ನು ಕಾಲಿಗೆ ಮೆಟ್ಟದೆ ತಲೆಯ ಮೇಲಿಟ್ಟುಕೊಂಡರು. ಆ ಕಥೆಯನ್ನು ನಾನು ಕೇಳಿದ್ದು ಕನ್ನಡ ಶಾಲೆಯಲ್ಲಿ, ಕೆರದಜ್ಜನ ಮೊಮ್ಮಗನ ಪಕ್ಕದಲ್ಲಿ ಕೂತು. ಮೆಟ್ಟಿದವನ ಕಥೆ ಮನೆಯಲ್ಲಿ ಉಳಿಯಿತು, ಮಾಡಿದವನದು ಪಠ್ಯದಲ್ಲಿ ಉಳಿಯಿತು. ಒಂದೇ ಜೊತೆ ಕೆರದಲ್ಲಿ ಎರಡೂ ಇದ್ದವೆ ಎಂದು ನಮಗೆ ಹೊಳೆಯಲಿಲ್ಲ.

ಮರುದಿನ ಹೋಗಿ, ಈ ಕೆರ ನಿನ್ನಲ್ಲಿರಲಿ ಎಂದೆ. ಅವನು ಒಪ್ಪಲಿಲ್ಲ. "ಕೂಲಿ ಕೊಟ್ಟು ಹೊಲಿಸಿದ್ದು, ಅದು ನಿಮ್ಮದು" ಎಂದ. ಸ್ವಲ್ಪ ಯೋಚಿಸಿ, "ಅಳತಿ ತಗೋತೀನಿ" ಎಂದು ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದುಕೊಂಡ. ಅಂದು ಅವನ ಅಜ್ಜ ಎಸೆದ ದಾರದ ವಿಷಯ ನಾನೇ ಎತ್ತಿದೆ. ಅದು ತನಗೂ ನೆನಪಿದೆಯೆಂದ. ನಾನು ತಪ್ಪಾಯಿತೆಂದು ಹೇಳಿದೆ. ಎಂಟು ವರ್ಷದವನ ತಪ್ಪೇನು ಎಂದ ಅವನು. ಎಂಟು ವರ್ಷದವನದಲ್ಲ, ಆಮೇಲಿನ ಅರವತ್ತು ವರ್ಷ ಕೇಳದೆ ಉಳಿದವನದು ಎಂದೆ. ಅದಕ್ಕೆ ಅವನು ಉತ್ತರ ಕೊಡಲಿಲ್ಲ. ಹೆಂಡತಿಯನ್ನು ಕರೆದು ಚಹಾ ತರಿಸಿದ.

ಅವನೊಡನೆಯೇ ಬಳ್ಳಾರಿಗೆ ಹೋಗಿ, ಒಂದು ಸಂಜೆ, ಬೇರೆ ಬೂಟು ಆರಿಸಿದೆ. ಮೊದಲಿನದರ ಅರ್ಧ ಬೆಲೆ, ಮುಂಭಾಗ ಅಗಲ, ಒಂಬತ್ತನೆಯ ಅಳತೆಯೇ ಸರಿಯಾಯಿತು. ಎಡಗಾಲಿಗೆ ಮಾತ್ರ ಅವನು ಒಳಗೊಂದು ತೆಳು ಚರ್ಮದ ತುಂಡು ಕತ್ತರಿಸಿ ಇಟ್ಟುಕೊಟ್ಟ. ಅಜ್ಜನ ಕಾಲು ನನಗೂ ಬಂದಿದೆಯಂತೆ. ಕಳೆದ ಪುಷ್ಯದಲ್ಲಿ ಇಬ್ಬರೂ ರಾಯದುರ್ಗದ ಬೆಟ್ಟ ಹತ್ತಿದೆವು. ಕೋಟೆಯ ಗೋಡೆಯ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದಾಗ ಕೆಳಗೆ ನಮ್ಮ ಸೀಮೆಯೆಲ್ಲ ಕಾಣುತ್ತಿತ್ತು. ಇಳಿಯುವ ಮುನ್ನ ನಾನು ಲಾಡಿ ಬಿಗಿಯಲು ಬಾಗಿದೆ, ಸೊಂಟ ಹಿಡಿದಂತಾಯಿತು. ಅವನು ಸಹಾಯಕ್ಕೆ ಬಗ್ಗಿದ. ಬೇಡವೆಂದೆ. ಹೊತ್ತು ಹಿಡಿದರೂ ನಾನೇ ಕಟ್ಟಿಕೊಂಡೆ. ಆಮೇಲೆ ಅವನ ಬಿಚ್ಚಿಹೋಗಿದ್ದ ಒಂದು ಲಾಡಿಯನ್ನೂ ಕಟ್ಟಿದೆ. ಊರು ಮುಟ್ಟುವ ಹೊತ್ತಿಗೆ ಕತ್ತಲಾಗಿತ್ತು. ನಮ್ಮ ಬೀದಿಯಲ್ಲಿ ಇಬ್ಬರ ಬೂಟಿನ ಸದ್ದೂ ಮನೆಯವರೆಗೆ ಕೇಳಿಸಿತಂತೆ. ಬಾಗಿಲು ತೆರೆದೇ ಇತ್ತು.